ಪ್ಲಾಸ್ಟಿಕ್ ಜೆಟ್ ವಿಮಾನದ ಮಾದರಿ ಕಟ್ಟಿ ಬಣ್ಣ ಹಚ್ಚುವುದು: ಸಮಗ್ರ ಮಾರ್ಗದರ್ಶಿ

ಕಿಟ್ ಜೊತೆ ಬರುವ ಸೂಚನಾ ಹಾಳೆಯಲ್ಲಿ ಯಾವ ಭಾಗ ಯಾವುದಕ್ಕೆ ಅಂಟುತ್ತದೆ ಎಂಬ ಚಿತ್ರಗಳಿರುತ್ತವೆ. ಯಾವುದಕ್ಕೆ ಅಂಟಿಸುವ ಮುನ್ನವೇ ಬಣ್ಣ ಬಳಿಯಬೇಕು, ಯಾವುದನ್ನು ಕೊನೆಯವರೆಗೂ ಪಕ್ಕಕ್ಕಿಡಬೇಕು ಎಂಬ ಮಾತು ಅಲ್ಲಿ ಅಪರೂಪ. ಹಾಳೆಯ ಕ್ರಮವನ್ನೇ ಕಣ್ಣುಮುಚ್ಚಿ ಅನುಸರಿಸಿದರೆ ಚಕ್ರ, ಬಾಗಿಲು, ಕ್ಷಿಪಣಿ, ಆಂಟೆನಾ ಎಲ್ಲವೂ ಸೇರಿದ ವಿಮಾನ ಮೇಜಿನ ಮೇಲೆ ನಿಲ್ಲುತ್ತದೆ ನಿಜ. ಅದಕ್ಕೆ ಬಣ್ಣ ಹಚ್ಚಲು ಹೊರಟಾಗ ಬ್ರಷ್ ತಲುಪದ ಮೂಲೆಗಳೇ ಹೆಚ್ಚು. ಆದ್ದರಿಂದ ಪ್ರತಿ ಭಾಗವನ್ನು ಕೈಗೆತ್ತಿಕೊಂಡಾಗಲೂ ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಇದನ್ನು ಅಂಟಿಸಿದ ಮೇಲೆ ಇದರ ಹಿಂದಕ್ಕೆ ಬ್ರಷ್ ಹೋಗುತ್ತದೆಯೇ, ಸ್ಯಾಂಡ್‌ಪೇಪರ್ ಹೋಗುತ್ತದೆಯೇ? ಹೋಗುವುದಾದರೆ ಅಂಟಿಸಿ. ಇಲ್ಲವಾದರೆ ಮೊದಲು ಬಣ್ಣ, ಆಮೇಲೆ ಅಂಟು.

ಉದಾಹರಣೆಗೆ ಎಫ್-16 ವಿಮಾನವನ್ನು ಇಟ್ಟುಕೊಂಡಿದ್ದೇನೆ. ಒಂದೇ ಎಂಜಿನ್, ಹೊಟ್ಟೆಯ ಕೆಳಗೆ ಗಾಳಿ ಹೀರುವ ದೊಡ್ಡ ಬಾಯಿ, ಪೈಲಟ್ ತಲೆಯ ಮೇಲೆ ಗುಳ್ಳೆಯಂತೆ ಉಬ್ಬಿದ ಪಾರದರ್ಶಕ ಮುಚ್ಚಳ, ಅಂದರೆ ಕ್ಯಾನೊಪಿ, ಬೂದು ಬಣ್ಣದ ಮೂರು ಛಾಯೆ. ಜೆಟ್ ಮಾದರಿಯಲ್ಲಿ ಎದುರಾಗುವ ಮುಖ್ಯ ಸವಾಲುಗಳೆಲ್ಲ ಇದರಲ್ಲಿವೆ. ಬೇರೆ ವಿಮಾನ ನಿಮ್ಮ ಕೈಯಲ್ಲಿದ್ದರೂ ಕೆಲಸದ ಕ್ರಮ ಬದಲಾಗುವುದಿಲ್ಲ.

ಯಾವ ಅಳತೆಯ ಕಿಟ್?

ಜೆಟ್‌ಗಳಿಗೆ ಹೆಚ್ಚು ಚಾಲ್ತಿಯಲ್ಲಿರುವ ಅಳತೆಗಳು 1/72, 1/48 ಮತ್ತು 1/32. ನಿಜವಾದ ಎಫ್-16ರ ಉದ್ದ 15 ಮೀಟರಿಗಿಂತ ಚೂರು ಹೆಚ್ಚು. ಅದು 1/72ರಲ್ಲಿ ಸುಮಾರು 21 ಸೆಂ.ಮೀ., 1/48ರಲ್ಲಿ 31 ಸೆಂ.ಮೀ., 1/32ರಲ್ಲಿ 47 ಸೆಂ.ಮೀ. ಆಗುತ್ತದೆ. ಮೊದಲ ಜೆಟ್ ಕಟ್ಟುವವರಿಗೆ ನನ್ನ ಸಲಹೆ 1/48. ಕಾಕ್‌ಪಿಟ್‌ನ ವಿವರಗಳು ಬರಿಗಣ್ಣಿಗೆ ಕಾಣುತ್ತವೆ, ಗಾಳಿಯೊತ್ತಡದಿಂದ ಬಣ್ಣ ಸಿಂಪಡಿಸುವ ಏರ್‌ಬ್ರಷ್‌ಗೆ ಓಡಾಡಲು ಜಾಗ ಸಿಗುತ್ತದೆ, ಕಪಾಟಿನಲ್ಲೂ ಹಿಡಿಸುತ್ತದೆ. 1/72 ಚಿಕ್ಕದು, ಆದ್ದರಿಂದ ಸುಲಭ ಎಂದು ಹಲವರು ಭಾವಿಸುತ್ತಾರೆ. ಚಿಕ್ಕ ಭಾಗಗಳಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವೂ ಎದ್ದು ಕಾಣುವುದರಿಂದ ಅದು ಕೈಗೆ ಹೆಚ್ಚು ಪಳಗುವಿಕೆಯನ್ನು ಕೇಳುತ್ತದೆ.

ಹಳೆಯ ಅಚ್ಚಿನ ಕಿಟ್‌ಗಳಲ್ಲಿ ಲೋಹದ ಹಾಳೆಗಳ ಸಂದುಗಳು, ಅಂದರೆ ಪ್ಯಾನಲ್ ಗೆರೆಗಳು, ಉಬ್ಬಿದ ಗೆರೆಗಳಾಗಿರುತ್ತವೆ. ಈಚಿನ ಅಚ್ಚುಗಳಲ್ಲಿ ಅವು ಕೊರೆದ ಗೆರೆಗಳು. ಉಬ್ಬು ಗೆರೆ ಉಜ್ಜಿದಾಗ ಅಳಿಸಿಹೋಗುತ್ತದೆ, ಗೆರೆಗಳನ್ನು ಎತ್ತಿ ತೋರಿಸಲು ಹರಿಸುವ ತೆಳು ಬಣ್ಣ, ಅಂದರೆ ವಾಶ್, ಕೂಡ ಅದರಲ್ಲಿ ನಿಲ್ಲುವುದಿಲ್ಲ. ಆಯ್ಕೆ ನಿಮ್ಮ ಕೈಯಲ್ಲಿದ್ದರೆ ಕೊರೆದ ಗೆರೆಗಳ ಕಿಟ್ ತೆಗೆದುಕೊಳ್ಳಿ.

ಮೇಜಿನ ಮೇಲೆ ಏನೇನಿರಬೇಕು

ಪ್ಲಾಸ್ಟಿಕ್ ಕತ್ತರಿಸಲೆಂದೇ ಇರುವ ಚಪ್ಪಟೆ ಬಾಯಿಯ ಕಟರ್, ಚೂಪು ತುದಿಯ ಬ್ಲೇಡ್ ಹಾಕುವ ಚಾಕು ಮತ್ತು ಧಾರಾಳವಾಗಿ ಬದಲಿ ಬ್ಲೇಡುಗಳು, ಒಳ್ಳೆಯ ಚಿಮುಟ, 400ರಿಂದ 2000ದವರೆಗಿನ ಸ್ಯಾಂಡ್‌ಪೇಪರ್, ಮಾಡೆಲ್‌ಗೆಂದೇ ಸಿಗುವ ಮಾಸ್ಕಿಂಗ್ ಟೇಪ್, ಕೈಯಲ್ಲಿ ತಿರುಗಿಸುವ ಪುಟ್ಟ ಡ್ರಿಲ್, ಪುಟ್ಟಿ. ಇಷ್ಟಿದ್ದರೆ ಕಟ್ಟುವ ಕೆಲಸ ನಡೆಯುತ್ತದೆ. ಹಣ ಉಳಿಸಬೇಕೆಂದಿದ್ದರೆ ಬೇರೆ ಎಲ್ಲಾದರೂ ಉಳಿಸಿ, ಕಟರ್ ಮತ್ತು ಚಿಮುಟದಲ್ಲಿ ಬೇಡ.

ಅಂಟುಗಳ ವಿಷಯದಲ್ಲಿ ಗೊಂದಲ ಸಾಮಾನ್ಯ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಕಿಟ್ಟಿನ ಭಾಗಗಳು ಪಾಲಿಸ್ಟೈರೀನ್ ಪ್ಲಾಸ್ಟಿಕ್‌ನವು. ಟಮಿಯಾ ಎಕ್ಸ್‌ಟ್ರಾ ಥಿನ್‌ನಂಥ ತೆಳು ದ್ರವದ ಅಂಟು ಅದನ್ನು ಅಂಟಿಸುವುದಕ್ಕಿಂತ ಹೆಚ್ಚಾಗಿ ಕರಗಿಸುತ್ತದೆ. ಎರಡೂ ಅಂಚುಗಳು ಕರಗಿ, ಬೆರೆತು, ದ್ರಾವಕ ಆರಿದ ಮೇಲೆ ಒಂದೇ ತುಂಡಾಗುತ್ತವೆ. ಒಡಲು, ರೆಕ್ಕೆ, ಬಾಲಗಳಿಗೆ ಇದೇ ಅಂಟು. ಲೋಹ ಮತ್ತು ರೆಸಿನ್ ಭಾಗಗಳು ಇದರಲ್ಲಿ ಕರಗುವುದಿಲ್ಲ. ಅವಕ್ಕೆ ಸೂಪರ್ ಗ್ಲೂ ಅಥವಾ ಎಪಾಕ್ಸಿ. ಪಾರದರ್ಶಕ ಭಾಗಗಳ ಹತ್ತಿರ ಸೂಪರ್ ಗ್ಲೂ ಸುಳಿಯಕೂಡದು, ಅದರ ಆವಿ ಕ್ಯಾನೊಪಿಯ ಮೇಲೆ ಬಿಳಿ ಮಂಜಿನಂತೆ ಕೂರುತ್ತದೆ. ಅಲ್ಲಿಗೆ ಮರಗೆಲಸದ ಬಿಳಿ ಅಂಟು ಸಾಕು.

ಏರ್‌ಬ್ರಷ್ ಇದ್ದರೆ ಗಾಳಿ ಮತ್ತು ಬಣ್ಣ ಎರಡನ್ನೂ ಬೆರಳಿನಿಂದಲೇ ನಿಯಂತ್ರಿಸುವ ಡಬಲ್ ಆ್ಯಕ್ಷನ್ ಬಗೆಯದು, 0.3 ಮಿ.ಮೀ. ನಾಝಲ್‌ನದು ಎಲ್ಲ ಕೆಲಸಕ್ಕೂ ಒದಗುತ್ತದೆ. ಕಂಪ್ರೆಸರ್‌ನಲ್ಲಿ ತೇವ ಹಿಡಿಯುವ ಸೋಸುಕವಿರಲಿ. ದ್ರಾವಕಗಳ ಆವಿಯನ್ನು ತಡೆಯುವ ಕಾರ್ಟ್ರಿಜ್ ಇರುವ ಮುಖಗವಸು ಐಚ್ಛಿಕವಲ್ಲ. ಧೂಳಿಗೆ ಹಾಕುವ ಬಟ್ಟೆಯ ಮುಖಗವಸು ಲ್ಯಾಕರ್ ಬಣ್ಣದ ಆವಿಯನ್ನು ತಡೆಯುವುದಿಲ್ಲ. ಗಾಳಿ ಹೊರಹೋಗುವ ದಾರಿ ಇರುವ ಕಡೆ ಮಾತ್ರ ಸಿಂಪಡಿಸಿ.

ಹಾಳೆ ಓದಿ, ನಿಮ್ಮ ಕ್ರಮ ಬರೆದುಕೊಳ್ಳಿ

ಕತ್ತರಿಸುವ ಮುನ್ನ ಸೂಚನಾ ಹಾಳೆಯನ್ನು ಕೊನೆಯ ಪುಟದವರೆಗೂ ಓದಿ. ಒಂದೇ ಕಿಟ್ಟಿನಲ್ಲಿ ಎರಡು ಮೂರು ಬಗೆಯ ವಿಮಾನಗಳ ಭಾಗಗಳಿರುವುದು ಸಾಮಾನ್ಯ. ಎಫ್-16ರಲ್ಲಿ ಎಫ್100 ಮತ್ತು ಎಫ್110 ಎಂಬ ಎರಡು ಬಗೆಯ ಎಂಜಿನ್‌ಗಳಿವೆ. ಅವುಗಳ ಹಿಂಬದಿಯ ನಳಿಕೆಗಳು ಬೇರೆ, ಎಷ್ಟೋ ವಿಮಾನಗಳಲ್ಲಿ ಮುಂದಿನ ಗಾಳಿಬಾಯಿಯ ಅಗಲವೂ ಬೇರೆ. ಯಾವ ವಿಮಾನದ ಡೆಕಾಲ್ (ನೀರಿನಲ್ಲಿ ನೆನೆಸಿ ಅಂಟಿಸುವ ಗುರುತು, ಬರಹಗಳ ತೆಳು ಪಟ) ಅಂಟಿಸುತ್ತೀರಿ ಎಂಬುದನ್ನು ಈಗಲೇ ತೀರ್ಮಾನಿಸಿ, ಬೇಡದ ಭಾಗಗಳಿಗೆ ಹಾಳೆಯಲ್ಲಿ ಅಡ್ಡಗೆರೆ ಎಳೆದುಬಿಡಿ.

ಅದೇ ಕುಳಿತಲ್ಲಿ ಹಾಳೆಯ ಅಂಚಿನಲ್ಲಿ ಗುರುತು ಹಾಕಿ: ಕಾಕ್‌ಪಿಟ್, ಗಾಳಿಬಾಯಿಯ ಒಳಗು ಮತ್ತು ಚಕ್ರಗಳ ಗೂಡು ಮೊದಲೇ ಬಣ್ಣ; ಗಾಲಿಗಳು, ಗೂಡಿನ ಬಾಗಿಲುಗಳು, ಕ್ಷಿಪಣಿ, ಇಂಧನ ಟ್ಯಾಂಕ್, ನಳಿಕೆ ಬೇರೆಯಾಗಿ ಬಣ್ಣ, ಕೊನೆಗೆ ಜೋಡಣೆ; ವೇಗ ಅಳೆಯಲು ಮೂತಿಯಿಂದ ಚಾಚಿರುವ ಪಿಟೊ ಕೊಳವೆ ಮತ್ತು ಆಂಟೆನಾಗಳು ಎಲ್ಲಕ್ಕಿಂತ ಕೊನೆಗೆ. ಅರ್ಧ ಗಂಟೆಯ ಈ ಬರವಣಿಗೆ ಮುಂದಿನ ಎಷ್ಟೋ ಸಂಜೆಗಳ ಪರದಾಟವನ್ನು ತಪ್ಪಿಸುತ್ತದೆ.

ನಂತರ ಭಾಗಗಳಿರುವ ಚೌಕಟ್ಟುಗಳನ್ನು, ಅಂದರೆ ಸ್ಪ್ರೂಗಳನ್ನು, ಪಾತ್ರೆ ತೊಳೆಯುವ ಸೋಪು ಬೆರೆಸಿದ ಉಗುರುಬೆಚ್ಚನೆಯ ನೀರಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ತೊಳೆದು ಒಣಗಿಸಿ. ಅಚ್ಚಿನಿಂದ ಬಂದ ಜಿಡ್ಡು ಉಳಿದರೆ ಬಣ್ಣ ಹಿಡಿಯುವುದಿಲ್ಲ.

ಭಾಗ ಬಿಡಿಸುವುದು

ಭಾಗವನ್ನು ಸ್ಪ್ರೂನಿಂದ ಒಂದೇ ಏಟಿಗೆ ತಳ ಸಮೇತ ಕತ್ತರಿಸಬೇಡಿ. ಒತ್ತಡಕ್ಕೆ ಪ್ಲಾಸ್ಟಿಕ್ ಒಳಗಿನಿಂದ ಹರಿದು, ಭಾಗದಲ್ಲೇ ಗುಳಿ ಬೀಳುತ್ತದೆ. ಒಂದೆರಡು ಮಿ.ಮೀ. ದೂರದಲ್ಲಿ ಕತ್ತರಿಸಿ, ಉಳಿದ ಮೊಳಕೆಯನ್ನು ಚಾಕುವಿನಿಂದ ತೆಳುವಾಗಿ ಹೆರೆದು, ಕೊನೆಗೆ ಸ್ಯಾಂಡ್‌ಪೇಪರ್ ಹಿಡಿಯಿರಿ. ಅಚ್ಚಿನ ಎರಡು ಹೋಳುಗಳು ಕೂಡುವ ಕಡೆ ಸಣ್ಣ ಏಣು ಮೂಡಿರುತ್ತದೆ. ಚಾಕುವಿನ ಅಲಗನ್ನು ನೇರ ನಿಲ್ಲಿಸಿ ಕೆರೆದರೆ ಅದು ಹೋಗುತ್ತದೆ. ಗಾಲಿಯ ಕಾಲುಗಳ ಮೇಲೆ, ಕ್ಷಿಪಣಿಯ ದೇಹದ ಮೇಲೆ ಈ ಏಣನ್ನು ಮರೆಯುವವರು ಬಹಳ.

ಕಾಕ್‌ಪಿಟ್

ಅಮೆರಿಕದ ಜೆಟ್‌ಗಳ ಕಾಕ್‌ಪಿಟ್ ಸಾಮಾನ್ಯವಾಗಿ ಎಫ್‌ಎಸ್ 36231 ಎಂಬ ಮಧ್ಯಮ ಬೂದು (ಈ ಅಂಕಿಗಳ ಅರ್ಥ ಮುಂದೆ ಬಣ್ಣದ ಭಾಗದಲ್ಲಿದೆ). ಮಿಗ್-21ರಂಥ ಸೋವಿಯತ್ ವಿಮಾನಗಳಲ್ಲಾದರೆ ಹಸಿರು ಬೆರೆತ ನೀಲಿ. ಮೂಲ ಬಣ್ಣ ಹಚ್ಚಿ, ಉಪಕರಣ ಫಲಕಗಳಿಗೆ ಕಪ್ಪು ಬಳಿದು, ಗಟ್ಟಿ ಕೂದಲಿನ ಬ್ರಷ್ಷಿನಲ್ಲಿ ತಿಳಿ ಬೂದು ಬಣ್ಣ ತೆಗೆದುಕೊಂಡು ಅದನ್ನು ಕಾಗದಕ್ಕೆ ಒರೆಸಿ ಬಹುಪಾಲು ತೆಗೆಯಿರಿ. ಆ ಒಣ ಬ್ರಷ್ಷನ್ನು ಫಲಕದ ಮೇಲೆ ಹಗುರವಾಗಿ ಆಡಿಸಿದರೆ ಉಬ್ಬಿರುವ ಗುಂಡಿ, ಸ್ವಿಚ್ಚುಗಳ ನೆತ್ತಿ ಮಾತ್ರ ಬಣ್ಣ ಹಿಡಿದು ಎದ್ದು ಬರುತ್ತದೆ. ಮುಳ್ಳುಗಳಿರುವ ಗಡಿಯಾರಗಳ ಮೇಲೆ ಒಂದೊಂದು ಹನಿ ಗ್ಲಾಸ್, ಅಂದರೆ ಹೊಳಪಿನ, ವಾರ್ನಿಶ್ ಇಟ್ಟರೆ ಗಾಜಿನಂತೆ ಹೊಳೆಯುತ್ತವೆ. ಆಸನವನ್ನು ಹೊರಗೇ ಬಣ್ಣ ಹಚ್ಚಿ ಇಟ್ಟುಕೊಳ್ಳಿ. ಎಫ್-16ರ ಆಸನ ಹಿಂದಕ್ಕೆ 30 ಡಿಗ್ರಿ ವಾಲಿರುತ್ತದೆ, ಅಂಟಿಸುವಾಗ ಅದನ್ನು ನೆಟ್ಟಗೆ ನಿಲ್ಲಿಸಿಬಿಡಬೇಡಿ.

ಇದಕ್ಕಿಂತ ಹೆಚ್ಚು ಕಾಲ ಕಾಕ್‌ಪಿಟ್‌ನಲ್ಲಿ ಕಳೆಯುವುದು ಮುಚ್ಚಿದ ಕ್ಯಾನೊಪಿಯ ಮಾದರಿಗೆ ಅನಗತ್ಯ. ಆ ತಾಳ್ಮೆಯನ್ನು ಮುಂದಿನ ಘಟ್ಟಕ್ಕೆ ಉಳಿಸಿ.

ಗಾಳಿಬಾಯಿ: ಜೆಟ್ ಮಾದರಿಯ ನಿಜವಾದ ಪರೀಕ್ಷೆ

ಪ್ರೊಪೆಲರ್ ವಿಮಾನಗಳಿಗಿಲ್ಲದ ಕಷ್ಟ ಇದು. ಎಂಜಿನ್‌ಗೆ ಗಾಳಿ ಹೋಗುವ ಸುರಂಗ ಕಿಟ್ಟಿನಲ್ಲಿ ಎರಡು ಹೋಳಾಗಿ ಬರುತ್ತದೆ. ಎಫ್-16ರ ಬಾಯಿ ವಿಮಾನದ ಮುಂದೆಯೇ ತೆರೆದಿರುವುದರಿಂದ, ನೋಡುವವರ ಕಣ್ಣು ಒಳಗಿನ ಬೆಸುಗೆ ಗೆರೆಗೆ ನೇರವಾಗಿ ಬೀಳುತ್ತದೆ. ಒಡಲಿನೊಳಗೆ ಸೇರಿಸಿದ ಮೇಲೆ ಅಲ್ಲಿಗೆ ಬೆರಳೂ ಹೋಗದು, ಸ್ಯಾಂಡ್‌ಪೇಪರೂ ಹೋಗದು.

ಮೊದಲು ಎರಡು ಹೋಳುಗಳ ಒಳಮೈಯಲ್ಲಿ ದುಂಡನೆಯ ಗುರುತುಗಳಿವೆಯೇ ನೋಡಿ. ಅಚ್ಚಿನಿಂದ ಭಾಗವನ್ನು ಹೊರದೂಡುವ ಕಡ್ಡಿಗಳು ಬಿಟ್ಟ ಗುಳಿಗಳು ಅವು. ಹೋಳುಗಳು ಬೇರೆಯಾಗಿರುವಾಗಲೇ ಅವನ್ನು ಪುಟ್ಟಿಯಿಂದ ತುಂಬಿ ಉಜ್ಜಿ. ಬಳಿಕ ಹೋಳುಗಳನ್ನು ಜೋಡಿಸಿ, ಅಂಟನ್ನು ಹೊರಗಿನಿಂದ ಮಾತ್ರ ಹರಿಸಿ. ಒಂದು ದಿನ ಒಣಗಿದ ಮೇಲೆ, ತೆಳು ಕಡ್ಡಿಗೆ ಸ್ಯಾಂಡ್‌ಪೇಪರ್ ಸುತ್ತಿ ಎರಡೂ ತುದಿಗಳಿಂದ ಒಳಗಿನ ಗೆರೆಯನ್ನು ಉಜ್ಜಿ.

ಇನ್ನೂ ಉಳಿಯುವ ಸಣ್ಣ ಗೆರೆಗೆ ಚೊಕ್ಕ ಉಪಾಯವೊಂದಿದೆ. ಈ ಸುರಂಗಗಳ ಒಳಮೈ ಸಾಮಾನ್ಯವಾಗಿ ಬಿಳಿ. ಸುರಂಗದ ಹಿಂಬದಿಯನ್ನು ಟೇಪಿನಿಂದ ಮುಚ್ಚಿ, ಸ್ವಲ್ಪ ತೆಳುಮಾಡಿದ ಬಿಳಿ ಅಕ್ರಿಲಿಕ್ ಬಣ್ಣವನ್ನು ಒಳಗೆ ಸುರಿಯಿರಿ. ನಿಧಾನವಾಗಿ ಎಲ್ಲ ಕಡೆಗೂ ತಿರುಗಿಸಿ, ಮಿಕ್ಕಿದ್ದನ್ನು ಹೊರಗೆ ಬಸಿದು, ಬಾಯಿ ಕೆಳಗೆ ಮಾಡಿ ಕಾಗದದ ಮೇಲೆ ನಿಲ್ಲಿಸಿ. ಬಣ್ಣ ಗೆರೆಯ ಸಂದಿಗಿಳಿದು ತಾನೇ ಮಟ್ಟವಾಗುತ್ತದೆ. ಅಂಚಿನಲ್ಲಿ ಕಟ್ಟಿಕೊಳ್ಳುವ ಹನಿಯನ್ನು ಆಗಾಗ ಒರೆಸುತ್ತಿರಬೇಕು. ಪೂರ್ತಿ ಒಣಗಲು ಎರಡು ದಿನ ಕೊಡಿ, ಬೇಕೆನಿಸಿದರೆ ಇನ್ನೊಮ್ಮೆ ಸುರಿಯಿರಿ. ಎಂಜಿನ್‌ನ ಮುಂಭಾಗದ ಬ್ಲೇಡುಗಳಿಗೆ ಲೋಹದ ಬಣ್ಣ ಹಚ್ಚಿ, ಸಂದುಗಳಿಗೆ ಕಪ್ಪು ವಾಶ್ ಇಳಿಸಿ, ಆಮೇಲೆ ಸುರಂಗದ ಹಿಂದೆ ಕೂರಿಸಿ.

ಒಡಲು ಮುಚ್ಚುವುದು

ಅಂಟು ಮುಟ್ಟುವ ಮುನ್ನ ಎಲ್ಲವನ್ನೂ ಟೇಪಿನಿಂದ ಜೋಡಿಸಿ ನೋಡಿ. ಕಾಕ್‌ಪಿಟ್ ತೊಟ್ಟಿ ಅಥವಾ ಸುರಂಗ ಎಲ್ಲಾದರೂ ಒಡಲನ್ನು ಅಗಲಿಸುತ್ತಿದ್ದರೆ ಈಗಲೇ ತಿಳಿಯುತ್ತದೆ. ಬಲವಂತವಾಗಿ ಒತ್ತಿ ಹಿಡಿದು ಅಂಟಿಸಿದ ಕೀಲು ಮುಂದೊಂದು ದಿನ ಬಿರಿಯುತ್ತದೆ. ಅಡ್ಡ ಬರುವ ಜಾಗವನ್ನು ಹುಡುಕಿ ಉಜ್ಜುವುದೇ ದಾರಿ.

ಮೂತಿಗೆ ತೂಕ ಬೇಕೇ ಎಂಬುದನ್ನೂ ಈಗಲೇ ಪರೀಕ್ಷಿಸಬೇಕು. ಟೇಪಿನಿಂದ ಜೋಡಿಸಿದ ವಿಮಾನವನ್ನು ಹಿಂದಿನ ಗಾಲಿಗಳು ಬರುವ ಜಾಗದಲ್ಲಿ ಎರಡು ಬೆರಳ ಮೇಲೆ ನಿಲ್ಲಿಸಿ. ಬಾಲ ಕೆಳಗಿಳಿದರೆ ಮಾದರಿ ಮುಂದೆ ಬಾಲದ ಮೇಲೆ ಕೂರುವುದು ಖಂಡಿತ. ಸೀಸದ ಗುಂಡು ಅಥವಾ ಕಬ್ಬಿಣದ ನಟ್ಟುಗಳನ್ನು ಎಪಾಕ್ಸಿಯಿಂದ ಮೂತಿಯೊಳಗೆ ಭದ್ರಪಡಿಸಿ. ಎಷ್ಟು ಮುಂದೆ ಇಡುತ್ತೀರೋ ಅಷ್ಟು ಕಡಿಮೆ ತೂಕ ಸಾಕು. ನಳಿಕೆ, ಬಾಲದ ರೆಕ್ಕೆಗಳ ಭಾರ ಇನ್ನೂ ಸೇರಬೇಕಾಗಿರುವುದರಿಂದ ಚೂರು ಹೆಚ್ಚೇ ಇರಲಿ.

ಈಗ ಅಂಟು. ಎರಡು ಹೋಳುಗಳನ್ನು ಜೋಡಿಸಿ ಹಿಡಿದು, ಅಂಟಿನ ಬ್ರಷ್ಷನ್ನು ಸಂದಿಗೆ ಸೋಕಿಸಿದರೆ ದ್ರವ ತಾನಾಗಿ ಗೆರೆಯುದ್ದಕ್ಕೂ ಓಡುತ್ತದೆ. ಆ ಓಟವನ್ನು ಕಣ್ಣಿಟ್ಟು ನೋಡಿ. ದಾರಿಯಲ್ಲಿ ನಿಮ್ಮ ಬೆರಳು ಸಂದಿಯ ಮೇಲಿದ್ದರೆ ಅಂಟು ಬೆರಳಿನಡಿಗೂ ಹರಿದು, ಪ್ಲಾಸ್ಟಿಕ್ ಮೇಲೆ ನಿಮ್ಮ ಹೆಬ್ಬೆಟ್ಟಿನ ಗುರುತನ್ನು ಅಚ್ಚೊತ್ತಿಬಿಡುತ್ತದೆ. ಬೆರಳುಗಳು ಸದಾ ಸಂದಿಯಿಂದ ದೂರವಿರಲಿ. ಮೂರು ನಾಲ್ಕು ಸೆಂ.ಮೀ. ಅಂಟಿಸಿ, ಕೆಲವು ಕ್ಷಣ ಬಿಟ್ಟು ಎರಡೂ ಬದಿಯಿಂದ ಒತ್ತಿ. ಕರಗಿದ ಪ್ಲಾಸ್ಟಿಕ್‌ನ ಸಣ್ಣ ಎಳೆ ಸಂದಿಯಿಂದ ಮೇಲೇಳಬೇಕು. ಆ ಎಳೆ ಎದ್ದರೆ ಒಳಗೆ ಖಾಲಿ ಇಲ್ಲವೆಂದು ಅರ್ಥ; ಒಂದು ದಿನ ಬಿಟ್ಟು ಅದನ್ನು ಹೆರೆದು ಉಜ್ಜಿದರೆ ಪುಟ್ಟಿಯ ಅಗತ್ಯವೇ ಬರುವುದಿಲ್ಲ.

ರೆಕ್ಕೆಗಳನ್ನು ಕೂರಿಸುವಾಗ ಮುಂದಿನಿಂದ, ಹಿಂದಿನಿಂದ, ಮೇಲಿನಿಂದ ನೋಡಿ ಎರಡೂ ಬದಿ ಸಮವೇ ಎಂದು ಖಚಿತಪಡಿಸಿಕೊಳ್ಳಿ. ಕೋನ ತಪ್ಪಿದರೆ ಯಾವ ಬಣ್ಣವೂ ಅದನ್ನು ಮುಚ್ಚಲಾರದು. ಎಫ್-4 ಫ್ಯಾಂಟಮ್‌ನಂಥ ವಿಮಾನದಲ್ಲಂತೂ ರೆಕ್ಕೆಯ ಹೊರತುದಿಗಳು 12 ಡಿಗ್ರಿ ಮೇಲಕ್ಕೆ, ಬಾಲದ ಅಡ್ಡರೆಕ್ಕೆಗಳು 23 ಡಿಗ್ರಿ ಕೆಳಕ್ಕೆ ಬಾಗಿರುತ್ತವೆ. ಅಂಥ ಕಡೆ ದಪ್ಪ ಕಾಗದದಲ್ಲಿ ಕೋನವನ್ನು ಕತ್ತರಿಸಿಕೊಂಡು ಆಸರೆ ಕೊಟ್ಟು ಒಣಗಲು ಬಿಡಿ.

ರೆಕ್ಕೆ ಮತ್ತು ಒಡಲಿನ ನಡುವೆ ಬಿರುಕು ಉಳಿದರೆ ಕೈ ತಕ್ಷಣ ಪುಟ್ಟಿಯ ಕಡೆಗೆ ಹೋಗುತ್ತದೆ. ಅಂಟಿಲ್ಲದೆ ಜೋಡಿಸಿ ನೋಡುವ ಹಂತದಲ್ಲೇ ಬಿರುಕು ಕಂಡಿದ್ದರೆ ಇನ್ನೂ ಒಳ್ಳೆಯ ದಾರಿಯಿದೆ: ಸ್ಪ್ರೂನ ತುಂಡೊಂದನ್ನು ಸರಿಯಾದ ಅಳತೆಗೆ ಕತ್ತರಿಸಿ ಒಡಲಿನೊಳಗೆ ಅಡ್ಡಲಾಗಿ ಇಟ್ಟರೆ, ಅದು ಒಡಲನ್ನು ಹೊರಕ್ಕೆ ತಳ್ಳಿ ಬಿರುಕನ್ನು ಮುಚ್ಚುತ್ತದೆ. ಅಲ್ಲಿರುವ ಸೂಕ್ಷ್ಮ ಗೆರೆಗಳು ಒಂದೂ ಅಳಿಸುವುದಿಲ್ಲ.

ಪುಟ್ಟಿ, ಉಜ್ಜುವಿಕೆ, ಕಳೆದ ಗೆರೆಗಳು

ಪುಟ್ಟಿ ಬೇಕಾದ ಕಡೆ ಸಂದಿಯ ಎರಡೂ ಬದಿಗೆ ಮಾಸ್ಕಿಂಗ್ ಟೇಪ್ ಹಾಕಿ, ತೆಳುವಾಗಿ ತುಂಬಿ, ಟೇಪ್ ತೆಗೆದುಬಿಡಿ. ಉಜ್ಜುವ ಕೆಲಸ ಅರ್ಧ ಕಡಿಮೆಯಾಗುತ್ತದೆ. 400ರಲ್ಲಿ ಶುರುಮಾಡಿ 600, 1000 ಎಂದು ಮುಂದುವರಿಯಿರಿ. ನೀರು ಹಾಕಿ ಉಜ್ಜಿದರೆ ಧೂಳು ಏಳುವುದಿಲ್ಲ, ಸ್ಯಾಂಡ್‌ಪೇಪರ್ ಕೂಡ ಕಟ್ಟಿಕೊಳ್ಳುವುದಿಲ್ಲ. ಉಜ್ಜಿದ ಜಾಗದ ಮೇಲೆ ಬೆಳ್ಳಿ ಬಣ್ಣವನ್ನು ತೆಳುವಾಗಿ ಹಚ್ಚಿ ದೀಪದ ಕೆಳಗೆ ವಾರೆಯಾಗಿ ಹಿಡಿಯಿರಿ. ಕಣ್ಣು ತಪ್ಪಿಸಿಕೊಂಡ ಗೀರು, ಗುಳಿ, ಸಂದು ಎಲ್ಲ ಬಯಲಾಗುತ್ತದೆ.

ಉಜ್ಜುವಾಗ ಅಳಿಸಿದ ಪ್ಯಾನಲ್ ಗೆರೆಗಳನ್ನು ಮತ್ತೆ ಕೊರೆಯಬೇಕು. ಗಟ್ಟಿಯಾದ ಅಂಟುಟೇಪನ್ನು ಗೆರೆಯ ಜಾಗದಲ್ಲಿ ಅಂಟಿಸಿ, ಅದರ ಅಂಚಿಗೆ ಆನಿಸಿ, ಕೊರೆಯುವ ಮೊನೆಯನ್ನು ಭಾರ ಹಾಕದೆ ಹಲವು ಬಾರಿ ಎಳೆಯಿರಿ. ಒಂದೇ ಸಲ ಒತ್ತಿ ಎಳೆದರೆ ಮೊನೆ ದಾರಿ ತಪ್ಪುತ್ತದೆ.

ಕ್ಯಾನೊಪಿ

ಎಫ್-16ರ ಗುಳ್ಳೆಯಾಕಾರದ ಕ್ಯಾನೊಪಿ ತಳಕ್ಕಿಂತ ನಡುವಿನಲ್ಲಿ ಅಗಲ. ಹಾಗಾಗಿ ಅನೇಕ ಕಿಟ್‌ಗಳಲ್ಲಿ ಅಚ್ಚು ಮೂರು ಹೋಳಾಗಿ, ನಡುನೆತ್ತಿಯ ಮೇಲೆ ಗೆರೆಯೊಂದು ಉಳಿಯುತ್ತದೆ. ಚಾಕುವಿನ ಅಲಗಿನಿಂದ ಅದನ್ನು ಹಗುರವಾಗಿ ಕೆರೆದು, 1000, 2000, ಮತ್ತೂ ನಯವಾದ ಸ್ಯಾಂಡ್‌ಪೇಪರ್‌ಗಳಿಂದ ಉಜ್ಜಿ, ಕೊನೆಗೆ ಪಾಲಿಶ್ ಮಾಡುವ ಪೇಸ್ಟ್ ಹಾಕಿ ಮೃದು ಬಟ್ಟೆಯಿಂದ ತಿಕ್ಕಿ. ನಡುವೆ ಗಾಜು ಪೂರ್ತಿ ಮಸುಕಾದಾಗ ಎದೆ ನಡುಗುತ್ತದೆ. ಮುಂದುವರಿಯಿರಿ, ಪಾಲಿಶ್ ಹಂತದಲ್ಲಿ ಸ್ಪಷ್ಟತೆ ಮರಳುತ್ತದೆ. ಆಮೇಲೆ ತಿಳಿಯಾದ ಗ್ಲಾಸ್ ಅಕ್ರಿಲಿಕ್‌ನಲ್ಲಿ ಅದ್ದಿ, ಅಂಚಿನ ಹನಿಯನ್ನು ಕಾಗದಕ್ಕೆ ಹೀರಿಸಿ, ಧೂಳು ಬೀಳದಂತೆ ಬಟ್ಟಲು ಮುಚ್ಚಿ ಒಣಗಿಸಿ.

ಗಾಜಿನ ಭಾಗಕ್ಕೆ ಟೇಪ್ ಮುಚ್ಚುವಾಗ ಮೊದಲು ಚೌಕಟ್ಟಿನ ಅಂಚಿಗೆ ಬಹಳ ಕಿರಿದಾದ ಪಟ್ಟಿಗಳನ್ನು ಅಂಟಿಸಿ. ಕಿರಿದಾದ ಪಟ್ಟಿ ತಿರುವಿನಲ್ಲಿ ಸುಲಭವಾಗಿ ಬಾಗುತ್ತದೆ. ನಡುವಿನ ಜಾಗವನ್ನು ಆಮೇಲೆ ತುಂಬಬಹುದು. ಚೌಕಟ್ಟಿಗೆ ಮೊದಲು ಒಳಗಡೆಯ ಬಣ್ಣ, ಅದರ ಮೇಲೆ ಹೊರಗಿನ ಬಣ್ಣ ಸಿಂಪಡಿಸಿದರೆ, ಒಳಗಿನಿಂದ ನೋಡಿದಾಗಲೂ ಸರಿಯಾದ ಬಣ್ಣವೇ ಕಾಣುತ್ತದೆ.

ಪ್ರೈಮರ್

ಕಾಕ್‌ಪಿಟ್, ಗಾಳಿಬಾಯಿ, ಬಿಳಿ ಬಳಿದ ಚಕ್ರಗೂಡುಗಳಿಗೆ ಟೇಪ್ ಅಥವಾ ಒದ್ದೆ ಟಿಶ್ಯೂ ಕಾಗದ ತುಂಬಿ. ನಳಿಕೆ ಬರುವ ಹಿಂದಿನ ರಂಧ್ರಕ್ಕೆ ಬಿಗಿಯಾಗಿ ಕೂರುವ ಕಡ್ಡಿಯೊಂದನ್ನು ತೂರಿಸಿದರೆ ವಿಮಾನವನ್ನು ಹಿಡಿಯಲು ಹಿಡಿಕೆ ಸಿಕ್ಕಂತಾಗುತ್ತದೆ; ನಳಿಕೆಯನ್ನು ಕೊನೆಗೆ ಅಂಟಿಸಲು ಇದೂ ಒಂದು ಕಾರಣ.

ಮುಖ್ಯ ಬಣ್ಣಕ್ಕೂ ಮೊದಲಿನ ತಳಪದರವಾದ ಬೂದು ಪ್ರೈಮರನ್ನು ತೆಳುವಾಗಿ ಸಿಂಪಡಿಸಿ. ಮಿಸ್ಟರ್ ಸರ್ಫೇಸರ್‌ನಂಥ ಲ್ಯಾಕರ್ ಪ್ರೈಮರ್ ಪ್ಲಾಸ್ಟಿಕ್‌ಗೆ ಚೆನ್ನಾಗಿ ಕಚ್ಚಿಕೊಳ್ಳುತ್ತದೆ. 1000, 1200, 1500 ಎಂಬ ಅಂಕಿಗಳಲ್ಲಿ ದೊಡ್ಡದು ಹೆಚ್ಚು ನಯ. ಒಣಗಿದ ಮೇಲೆ ತಪ್ಪುಗಳನ್ನು ಹುಡುಕಿ ತಿದ್ದಲು ಇದೇ ಕೊನೆಯ ಅವಕಾಶ. ಮೂರು ಬಾರಿಯಾದರೂ ಹಿಂದಕ್ಕೆ ಹೋಗಿ ಉಜ್ಜಿ, ಮತ್ತೆ ಸಿಂಪಡಿಸಲು ಹಿಂಜರಿಯಬೇಡಿ.

ಬಣ್ಣ

ಮಾದರಿ ಬಣ್ಣಗಳಲ್ಲಿ ಮೂರು ಬಗೆ: ಲ್ಯಾಕರ್, ಅಕ್ರಿಲಿಕ್, ಎನಾಮಲ್. ಲ್ಯಾಕರ್ ಬೇಗ ಒಣಗುತ್ತದೆ, ಗಟ್ಟಿಯಾಗಿರುತ್ತದೆ, ವಾಸನೆ ಜೋರು. ಎನಾಮಲ್ ಒಣಗಲು ಒಂದೆರಡು ದಿನವಾದರೂ ಬೇಕು. ಒಂದರ ಮೇಲೊಂದು ಹಚ್ಚುವಾಗ ಬಲವಾದ ದ್ರಾವಕದ್ದು ಕೆಳಗಿರಬೇಕು. ಎನಾಮಲ್ ಮೇಲೆ ಲ್ಯಾಕರ್ ಸಿಂಪಡಿಸಿದರೆ ಕೆಳಗಿನ ಪದರ ಸುಕ್ಕುಗಟ್ಟುತ್ತದೆ.

ಅಮೆರಿಕದ ವಿಮಾನಗಳ ಬಣ್ಣಗಳಿಗೆ ಎಫ್‌ಎಸ್ ಎಂಬ ಐದು ಅಂಕಿಯ ಗುರುತುಗಳಿವೆ. ಮೊದಲ ಅಂಕಿ ಹೊಳಪಿನದು: 1 ಹೊಳಪು, 2 ಅರೆಹೊಳಪು, 3 ಮ್ಯಾಟ್. ಎರಡನೆಯದು ಬಣ್ಣದ ಗುಂಪು, 6 ಎಂದರೆ ಬೂದು. ಉಳಿದ ಮೂರು ಅಂಕಿ ಹೆಚ್ಚಿದಂತೆ ಛಾಯೆ ತಿಳಿಯಾಗುತ್ತದೆ. ಎಫ್-16ರ ಹೆಸರಾಂತ ಬೂದು ವಿನ್ಯಾಸದಲ್ಲಿ ಬೆನ್ನಿನ ಮೇಲೆ ಕಡು ಬೂದು 36118, ಮುಂಭಾಗ ಮತ್ತು ಬಾಲಕ್ಕೆ 36270, ಹೊಟ್ಟೆಗೆ ತಿಳಿ ಬೂದು 36375. ಅಂಕಿಗಳನ್ನು ಓದಿದರೇ ಯಾವುದು ಯಾವುದಕ್ಕಿಂತ ಗಾಢ ಎಂದು ಗೊತ್ತಾಗುತ್ತದೆ.

ಹೊಟ್ಟೆಯ ತಿಳಿ ಬಣ್ಣದಿಂದ ಆರಂಭಿಸಿ ಗಾಢದ ಕಡೆಗೆ ಹೋಗಿ. ಬಣ್ಣವನ್ನು ಹಾಲಿನಷ್ಟು ತೆಳುವಾಗುವವರೆಗೆ ಥಿನ್ನರ್ ಬೆರೆಸಿ. ಟಮಿಯಾ ಅಕ್ರಿಲಿಕ್‌ಗೆ ಸಮಪಾಲು ಥಿನ್ನರ್‌ನಿಂದ ಶುರುಮಾಡಬಹುದು. ಒತ್ತಡ 15ರಿಂದ 20 ಪಿಎಸ್‌ಐ, ದೂರ 8ರಿಂದ 10 ಸೆಂ.ಮೀ. ಮೊದಲು ಹಳೆಯ ಪ್ಲಾಸ್ಟಿಕ್ ತುಂಡಿನ ಮೇಲೆ ಸಿಂಪಡಿಸಿ ನೋಡಿ. ಮೇಲ್ಮೈ ಮರಳಿನಂತೆ ತರಿತರಿಯಾದರೆ ಬಣ್ಣ ದಾರಿಯಲ್ಲೇ ಒಣಗುತ್ತಿದೆ: ಥಿನ್ನರ್ ಹೆಚ್ಚಿಸಿ ಅಥವಾ ಹತ್ತಿರ ಹೋಗಿ. ಕಾಲುವೆಯಾಗಿ ಹರಿದರೆ ಹೆಚ್ಚು ತೆಳುವಾಗಿದೆ, ಅಥವಾ ಕೈ ಒಂದೇ ಕಡೆ ನಿಂತಿದೆ. ಕೈ ಚಲಿಸಲು ತೊಡಗಿದ ಮೇಲೆ ಬಣ್ಣ ಬಿಡಿ, ಬಣ್ಣ ನಿಲ್ಲಿಸಿದ ಮೇಲೆ ಕೈ ನಿಲ್ಲಿಸಿ.

ಇಡೀ ಮೈಗೆ ಒಂದೇ ಸಮನೆ ಬಣ್ಣ ತುಂಬಿದರೆ ಮಾದರಿ ಆಟಿಕೆಯಂತೆ ಕಾಣುತ್ತದೆ. ಮೂಲ ಬಣ್ಣ ಒಣಗಿದ ಮೇಲೆ, ಅದಕ್ಕೇ ಕೆಲವು ಹನಿ ಬಿಳಿ ಬೆರೆಸಿ, ಇನ್ನಷ್ಟು ತೆಳುಮಾಡಿ, ಪ್ಯಾನಲ್‌ಗಳ ನಡುವೆ ಅಲ್ಲಲ್ಲಿ ಮೋಡದಂತೆ ಹಾಯಿಸಿ. ವ್ಯತ್ಯಾಸ ಹತ್ತಿರದಿಂದ ನೋಡಿದರಷ್ಟೇ ಗೊತ್ತಾಗುವಷ್ಟಿರಲಿ.

ಎರಡು ಬೂದುಗಳು ಸೇರುವ ಅಂಚು ಮಬ್ಬಾಗಿರಬೇಕು, ಆದರೆ ಎಷ್ಟು ಮಬ್ಬು? ನಿಜವಾದ ವಿಮಾನದ ಮೇಲೆ 5 ಸೆಂ.ಮೀ. ಹರಡಿದ ಅಂಚು 1/48ರಲ್ಲಿ ಕೇವಲ 1 ಮಿ.ಮೀ. ಇದನ್ನು ಕೈಯಲ್ಲೇ ಸಾಧಿಸುವುದು ಕಷ್ಟ. ಗೋಡೆಗೆ ಚಿತ್ರ ಅಂಟಿಸಲು ಬಳಸುವ ಮೆತ್ತನೆಯ ಅಂಟುಮುದ್ದೆಯನ್ನು ತೆಳು ಹುರಿಯಾಗಿ ಹೊಸೆದು ಅಂಚಿನುದ್ದಕ್ಕೂ ಇಡಿ, ಅದರಾಚೆಗೆ ಟೇಪ್ ಮುಚ್ಚಿ, ಮೇಲ್ಮೈಗೆ ನೇರವಾಗಿ ಹಿಡಿದು ಸಿಂಪಡಿಸಿ. ಹುರಿಯ ದುಂಡು ಬದಿಯಡಿಗೆ ಚೂರೇ ಬಣ್ಣ ನುಸುಳಿ ಬೇಕಾದ ಮಬ್ಬು ಸಿಗುತ್ತದೆ.

ಏರ್‌ಬ್ರಷ್ ಇಲ್ಲದವರು ಕೈಬಿಡಬೇಕಿಲ್ಲ. ಅಗಲವಾದ ಮೃದು ಬ್ರಷ್, ತೆಳುಮಾಡಿದ ಬಣ್ಣ, ಮೂರು ನಾಲ್ಕು ಪದರ, ಪ್ರತಿ ಪದರದ ನಡುವೆ ಪೂರ್ತಿ ಒಣಗುವ ಬಿಡುವು. ಒಮ್ಮೆ ಎಳೆದ ಗೆರೆಯ ಮೇಲೆ ಅದು ಹಸಿಯಿರುವಾಗ ಮತ್ತೆ ಬ್ರಷ್ ಆಡಿಸದಿದ್ದರೆ ಸಾಕು, ಫಲಿತಾಂಶ ಚೆನ್ನಾಗಿಯೇ ಬರುತ್ತದೆ.

ಗ್ಲಾಸ್ ಮತ್ತು ಡೆಕಾಲ್

ಮ್ಯಾಟ್ ಬಣ್ಣದ ಮೈ ಸೂಕ್ಷ್ಮವಾಗಿ ಒರಟು. ನೇರವಾಗಿ ಅದರ ಮೇಲೆ ಡೆಕಾಲ್ ಅಂಟಿಸಿದರೆ ಅಡಿಯಲ್ಲಿ ಗಾಳಿ ಸಿಕ್ಕಿ ಬೆಳ್ಳಿಯಂತೆ ಮಿನುಗುತ್ತದೆ. ಆದ್ದರಿಂದ ಇಡೀ ಮಾದರಿಗೆ ಗ್ಲಾಸ್ ವಾರ್ನಿಶ್ ಸಿಂಪಡಿಸಿ ಒಂದು ದಿನ ಬಿಡಿ.

ಡೆಕಾಲನ್ನು ಕತ್ತರಿಸಿ, ಉಗುರುಬೆಚ್ಚನೆಯ ನೀರಿನಲ್ಲಿ ಹತ್ತು ಹದಿನೈದು ಸೆಕೆಂಡ್ ಅದ್ದಿ ಹೊರಗಿಡಿ. ಕಾಗದದ ಮೇಲೆ ತಾನಾಗಿ ಜಾರುವವರೆಗೆ ಕಾಯಿರಿ. ಅಂಟಿಸುವ ಜಾಗಕ್ಕೆ ಡೆಕಾಲ್ ಕಚ್ಚಿಕೊಳ್ಳಲು ನೆರವಾಗುವ ಮೈಕ್ರೊ ಸೆಟ್ ದ್ರವ ಹಚ್ಚಿ, ಡೆಕಾಲ್ ಜಾರಿಸಿ, ಸರಿಹೊಂದಿಸಿ, ನೀರನ್ನು ಹತ್ತಿಯಿಂದ ಹೀರಿ. ಬಳಿಕ ಮೇಲೆ ಡೆಕಾಲನ್ನು ಮೆತ್ತಗಾಗಿಸುವ ಮೈಕ್ರೊ ಸಾಲ್ ದ್ರವ. ಈಗ ಡೆಕಾಲ್ ಸುಕ್ಕುಸುಕ್ಕಾಗಿ ಏಳುತ್ತದೆ. ಹಾಳಾಯಿತೆಂದು ಗಾಬರಿಯಾಗಿ ಬೆರಳು ಹಚ್ಚಿದರೆ ನಿಜಕ್ಕೂ ಹರಿದುಹೋಗುತ್ತದೆ, ಏಕೆಂದರೆ ಆ ಹೊತ್ತಿಗೆ ಅದು ಮೆತ್ತಗಾಗಿರುತ್ತದೆ. ಅದರಷ್ಟಕ್ಕೆ ಬಿಟ್ಟರೆ ಒಣಗುತ್ತಾ ಮಟ್ಟವಾಗಿ, ಪ್ಯಾನಲ್ ಗೆರೆಗಳೊಳಗೂ ಇಳಿದು, ಬಣ್ಣದಲ್ಲೇ ಬರೆದಂತೆ ಕೂರುತ್ತದೆ. ಗುಳ್ಳೆ ಉಳಿದರೆ ಬ್ಲೇಡಿನ ತುದಿಯಿಂದ ಚುಚ್ಚಿ ಇನ್ನೊಂದು ಹನಿ ಬಿಡಿ.

ಜೆಟ್‌ಗಳಲ್ಲಿ ಎಚ್ಚರಿಕೆಯ ಸಣ್ಣ ಬರಹಗಳೇ ಬಹಳವಿರುತ್ತವೆ. ಒಂದು ಸಂಜೆಗೆ ಒಂದು ರೆಕ್ಕೆ ಎಂದು ಹಂಚಿಕೊಳ್ಳಿ. ಎಲ್ಲ ಮುಗಿದ ಮೇಲೆ ಒದ್ದೆ ಹತ್ತಿಯಿಂದ ಅಂಟಿನ ಕಲೆ ಒರೆಸಿ, ಮತ್ತೊಂದು ಗ್ಲಾಸ್ ಪದರ ಕೊಡಿ.

ವಾಶ್ ಮತ್ತು ಬಳಕೆಯ ಕುರುಹು

ಗ್ಲಾಸ್ ಪದರ ಅಕ್ರಿಲಿಕ್ ಅಥವಾ ಲ್ಯಾಕರ್ ಆಗಿದ್ದರೆ ಎನಾಮಲ್ ವಾಶ್ ಬಳಸಿ. ಅದರ ದ್ರಾವಕವಾದ ವೈಟ್ ಸ್ಪಿರಿಟ್ ಕೆಳಗಿನ ಪದರವನ್ನು ಕರಗಿಸುವುದಿಲ್ಲ, ತಪ್ಪಾದರೆ ಒರೆಸಿಬಿಡಬಹುದು. ಬಣ್ಣವಿಲ್ಲದ ಬರಿ ಪ್ಲಾಸ್ಟಿಕ್ ಮೇಲೆ ಮಾತ್ರ ಅದನ್ನು ಧಾರಾಳವಾಗಿ ಹರಿಸಬೇಡಿ, ಒತ್ತಡದಲ್ಲಿರುವ ಕೀಲುಗಳು ಬಿರಿಯಬಹುದು. ಸಣ್ಣ ಬ್ರಷ್ಷಿನ ತುದಿಯನ್ನು ಗೆರೆಗೆ ಸೋಕಿಸಿ, ವಾಶ್ ತಾನೇ ಹರಿಯಲಿ. ಅರ್ಧ ಗಂಟೆಯ ನಂತರ ನಾರು ಬಿಡದ ಹತ್ತಿಯ ಕಡ್ಡಿಯಿಂದ ಮೂತಿಯಿಂದ ಬಾಲದ ಕಡೆಗೆ, ಗಾಳಿ ಹಾಯುವ ದಿಕ್ಕಿನಲ್ಲೇ ಒರೆಸಿ.

ಅಚ್ಚ ಕಪ್ಪು ವಾಶ್ ಬೇಡವೇ ಬೇಡ. ಲೆಕ್ಕ ಹಾಕಿ ನೋಡಿ: 1/48ರ ಮಾದರಿಯಲ್ಲಿ 0.2 ಮಿ.ಮೀ. ಅಗಲದ ಗೆರೆ ನಿಜ ವಿಮಾನದಲ್ಲಿ ಸುಮಾರು 1 ಸೆಂ.ಮೀ. ಸಂದಿಗೆ ಸಮ. ಅಂಥ ಸಂದಿಯನ್ನು ಕಪ್ಪಗೆ ತುಂಬಿದರೆ ವಿಮಾನಕ್ಕೆ ಜೈಲಿನ ಸರಳು ಹಾಕಿದಂತಾಗುತ್ತದೆ. ಬಣ್ಣಕ್ಕಿಂತ ಎರಡು ಮೆಟ್ಟಿಲು ಗಾಢವಾದ ಬೂದು ಸಾಕು. ಅಲುಗಾಡುವ ಭಾಗಗಳಾದ ಫ್ಲಾಪ್, ಬಾಲದ ಚುಕ್ಕಾಣಿಗಳ ಸಂದು ಮಾತ್ರ ಇನ್ನೂ ಚೂರು ಗಾಢವಿರಲಿ. ಕೊಳೆ ಎಲ್ಲಿ ಬೀಳುತ್ತದೆಂದು ಯೋಚಿಸಿ: ಹೊಟ್ಟೆಯ ಕೆಳಗೆ ತೈಲ ಸೋರಿ ಗಾಳಿಗೆ ಹಿಂದಕ್ಕೆ ಎಳೆದ ಗೀಟುಗಳು, ಚಕ್ರಗೂಡುಗಳ ಮೂಲೆ, ಮೆಕ್ಯಾನಿಕ್‌ಗಳು ಪದೇ ಪದೇ ತೆರೆಯುವ ಮುಚ್ಚಳಗಳ ಸುತ್ತ. ಯೋಜನೆಯಿಲ್ಲದೆ ಎಲ್ಲ ಕಡೆ ಬಳಿದ ಕೊಳೆಗಿಂತ ಶುಭ್ರ ವಿಮಾನವೇ ನೋಡಲು ಚಂದ.

ನಳಿಕೆ, ಗಾಲಿ, ಕೊನೆಯ ಜೋಡಣೆ

ನಳಿಕೆಗೆ ಮೊದಲು ಹೊಳಪಿನ ಕಪ್ಪು, ಅದರ ಮೇಲೆ ಅಲ್‌ಕ್ಲಾಡ್‌ನಂಥ ಲೋಹ ಬಣ್ಣದ ತೆಳು ಪದರ. ಕಪ್ಪು ಎಷ್ಟು ನಯವಾಗಿದ್ದರೆ ಲೋಹ ಅಷ್ಟು ನಿಜವೆನಿಸುತ್ತದೆ. ಕಾವಿಗೆ ಬಣ್ಣಗೆಟ್ಟ ಉಕ್ಕಿನ ಛಾಯೆಗೆ ಪಾರದರ್ಶಕ ಕಂದು ಮತ್ತು ನೀಲಿಯನ್ನು ಉಂಗುರ ಉಂಗುರವಾಗಿ ಬಹಳ ತೆಳ್ಳಗೆ ಹಾಯಿಸಿ. ಎಫ್-16ರ ನಳಿಕೆಯ ಒಳಗೋಡೆ ಮಾಸಲು ಬಿಳಿ. ಅದರ ಮೇಲೆ ಕಂದು-ಕಪ್ಪು ವಾಶ್ ಉದ್ದುದ್ದ ಎಳೆದರೆ ಬೆಂಕಿ ಹಾದ ಗುರುತು ಬರುತ್ತದೆ.

ಇಡೀ ವಿಮಾನಕ್ಕೆ ಮ್ಯಾಟ್ ವಾರ್ನಿಶ್ ಸಿಂಪಡಿಸಿ. ಪದರ ದಪ್ಪವಾದರೆ ಬಿಳಿಚಿಕೊಳ್ಳುತ್ತದೆ, ತೆಳುವಾದ ಎರಡು ಪದರ ಲೇಸು. ನಳಿಕೆಯನ್ನು ಇದಾದ ಮೇಲೆಯೇ ಕೂರಿಸಬೇಕು, ಇಲ್ಲವಾದರೆ ಲೋಹದ ಹೊಳಪೆಲ್ಲ ಮ್ಯಾಟ್ ಅಡಿಯಲ್ಲಿ ಸತ್ತುಹೋಗುತ್ತದೆ.

ಗಾಲಿಯ ಕಾಲುಗಳನ್ನು ಅಂಟಿಸಿ, ಅಂಟು ಮೆತ್ತಗಿರುವಾಗಲೇ ಗಾಲಿಗಳನ್ನು ಸಿಕ್ಕಿಸಿ, ಗಾಜಿನ ಹಲಗೆಯಂಥ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ಮುಂದಿನಿಂದ ನೋಡಿದಾಗ ಎರಡೂ ರೆಕ್ಕೆತುದಿಗಳು ಮೇಜಿನಿಂದ ಒಂದೇ ಎತ್ತರದಲ್ಲಿರಬೇಕು. ಇಲ್ಲದಿದ್ದರೆ ಕಾಲನ್ನು ಈಗಲೇ ತಿದ್ದಿ. ರಾತ್ರಿಯಿಡೀ ಒಣಗಿದ ಮೇಲೆ ಬಾಗಿಲುಗಳು, ನಂತರ ಟ್ಯಾಂಕ್ ಮತ್ತು ಕ್ಷಿಪಣಿಗಳು, ರೆಕ್ಕೆತುದಿಯ ದೀಪಗಳು, ಆಂಟೆನಾಗಳು. ಪಿಟೊ ಕೊಳವೆಗೆ ಮೂತಿಯ ನಡುವೆ ಪುಟ್ಟ ರಂಧ್ರ ಕೊರೆದು ಸೂಪರ್ ಗ್ಲೂನಿಂದ ನಿಲ್ಲಿಸಿ. ಹಿತ್ತಾಳೆಯ ಕೊಳವೆ ಸಿಕ್ಕರೆ ಅದೇ ಉತ್ತಮ, ಪ್ಲಾಸ್ಟಿಕ್‌ನದು ತೋಳು ತಗುಲಿದರೂ ಮುರಿಯುತ್ತದೆ.

ಕ್ಯಾನೊಪಿಯ ಟೇಪನ್ನು ಬಿಡಿಸುವಾಗ ಮೂಲೆಯಿಂದ ಹಿಡಿದು, ಮೇಲಕ್ಕೆ ಕೀಳದೆ ಅದರ ಮೇಲೆಯೇ ಮಡಚಿಕೊಂಡು ನಿಧಾನವಾಗಿ ಎಳೆಯಿರಿ. ಬಣ್ಣದ ಅಂಚು ಗಾಜಿನ ಮೇಲೆ ಎಲ್ಲಾದರೂ ನುಸುಳಿದ್ದರೆ, ಚೂಪು ಮಾಡಿದ ಮರದ ಕಡ್ಡಿಯ ತುದಿಯಿಂದ ಕೆರೆದು ತೆಗೆಯಬಹುದು. ಮರ ಗಾಜಿಗೆ ಗೀರು ಹಾಕುವುದಿಲ್ಲ. ಆಮೇಲೆ ಬಿಳಿ ಅಂಟಿನ ತೆಳು ಗೆರೆ ಎಳೆದು ಕ್ಯಾನೊಪಿಯನ್ನು ಕೂರಿಸಿ, ಹೊರಬಂದ ಅಂಟನ್ನು ಒದ್ದೆ ಬ್ರಷ್ಷಿನಿಂದ ಒರೆಸಿಬಿಡಿ.